ಪ್ರೋಗ್ರಾಂ ಸರಿ, ಉತ್ತರವೂ ಸರಿ, ಕಲಿಕೆ?

ಕಂಪ್ಯೂಟರ್ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಒಪ್ಪಿಸುವ ರೆಕಾರ್ಡ್ ಪುಸ್ತಕಗಳನ್ನು ಸಾಲಾಗಿ ತಿರುವಿ ಹಾಕಿದವರಿಗೆ ಒಂದು ಸಂಗತಿ ಬೇಗನೆ ಗೋಚರಿಸುತ್ತದೆ. ಅರವತ್ತು ಪುಸ್ತಕಗಳಲ್ಲಿಯೂ ಅದೇ ಪ್ರೋಗ್ರಾಂ, ಅದೇ ಕ್ರಮ, ವೇರಿಯಬಲ್‌ಗಳಿಗೂ ಅದೇ ಹೆಸರು. ಕೆಲವೊಮ್ಮೆ ತಪ್ಪು ಕೂಡ ಅದೇ. ಅಕ್ಷರ ದುಂಡಗೆ, ಉತ್ತರ ಸರಿ, ಅಂಕ ಭರ್ತಿ. ಇಷ್ಟಾದರೂ ಅದರಲ್ಲಿನ ಒಂದು ಸಾಲನ್ನು ಬದಲಿಸಿದರೆ ಏನಾಗುತ್ತದೆಂದು ಕೇಳಿದರೆ ತರಗತಿಯೇ ಮೌನ ತಾಳುತ್ತದೆ. ಹಾಗಿದ್ದರೆ ನಾವು ಅಂಕ ಕೊಡುತ್ತಿರುವುದು ಯಾವುದಕ್ಕೆ?

ಕಲಬುರಗಿ ಜಿಲ್ಲೆಯ ಕಾಲೇಜೊಂದರಲ್ಲಿ ಬಿಸಿಎ ವಿದ್ಯಾರ್ಥಿಗಳಿಗೆ ಸಿ ಭಾಷೆಯನ್ನು ಬೋಧಿಸುತ್ತಿದ್ದಾಗ ಕಂಡ ನಿದರ್ಶನವೊಂದು ಈ ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣಗೊಳಿಸಿತು. ಐದು ಸಂಖ್ಯೆಗಳಲ್ಲಿ ದೊಡ್ಡದನ್ನು ಕಂಡುಹಿಡಿಯುವ ಪ್ರೋಗ್ರಾಂ ಬರೆಯಬೇಕಿತ್ತು. ಬಹುತೇಕರು 'ದೊಡ್ಡದು' ಎಂಬ ವೇರಿಯಬಲ್‌ನಲ್ಲಿ ಮೊದಲು ಸೊನ್ನೆಯನ್ನಿಟ್ಟು, ಪ್ರತಿಯೊಂದು ಸಂಖ್ಯೆಯನ್ನೂ ಅದರೊಡನೆ ಹೋಲಿಸಿ, ಹೆಚ್ಚಿದ್ದರೆ ಬದಲಿಸಿಕೊಂಡಿದ್ದರು. ಕೊಟ್ಟ ಉದಾಹರಣೆಗೆ ಉತ್ತರವೂ ಸರಿಯಾಗಿಯೇ ಬಂದಿತ್ತು. ಇದನ್ನೇ ತೊಗರಿ ಬೆಳೆಗಾರನೊಬ್ಬನ ಐದು ವರ್ಷಗಳ ಲಾಭ-ನಷ್ಟದ ಲೆಕ್ಕವೆಂದು ಭಾವಿಸಿರಿ ಎಂದಾಗ, ಆಳಂದ ತಾಲ್ಲೂಕಿನ ಖಜೂರಿ ಕಡೆಯಿಂದ ಬರುತ್ತಿದ್ದ ರೈತನ ಮಗನೊಬ್ಬ ಎದ್ದು ನಿಂತ. "ಐದೂ ವರ್ಷ ಲುಕ್ಸಾನ ಆಗಿದ್ರ ಇದು ಸೊನ್ನಿ ಅಂತ ಹೇಳ್ತದಲ್ರೀ ಸರ್? ಮೊದಲನೇ ವರ್ಷದ ಲೆಕ್ಕಾನೇ ದೊಡ್ಡದು ಅಂತ ಹಿಡಿದು ಮುಂದ ಹೋಗಬೇಕು" ಎಂದ. ಆತ ಹೇಳಿದ್ದು ಅಕ್ಷರಶಃ ನಿಜ. ಎಲ್ಲ ಸಂಖ್ಯೆಗಳೂ ಋಣವಾಗಿದ್ದರೆ ಯಾವುದೂ ಸೊನ್ನೆಯನ್ನು ಮೀರದು. ಪಟ್ಟಿಯಲ್ಲೇ ಇಲ್ಲದ ಸೊನ್ನೆ ಉತ್ತರವಾಗಿ ಬರುತ್ತದೆ.

ಪ್ರೋಗ್ರಾಮಿಂಗ್ ಎಂದರೆ ಇದೇ. ಆದರೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಮೌಖಿಕ ಪ್ರಶ್ನೆಗಳು ಇಂಗ್ಲಿಷಿನಲ್ಲಿ ಬಂದಾಗ ಆ ಹುಡುಗ ಬಾಯಿ ತೆರೆಯಲಿಲ್ಲ. 'ಅರೇ' ಎಂದರೇನು ಎಂಬುದಕ್ಕೆ ಕಂಠಪಾಠದ ವ್ಯಾಖ್ಯೆಯನ್ನು ಒಪ್ಪಿಸಿದವರು ಆತನಿಗಿಂತ ಹೆಚ್ಚು ಅಂಕ ಪಡೆದರು.

ವಿದ್ಯಾರ್ಥಿಗಳು ಪ್ರೋಗ್ರಾಂ ರಚನೆಯಲ್ಲಿ ಎಡವುವುದು ನಮ್ಮ ಭಾಗದ ಕೊರತೆಯೇನೂ ಅಲ್ಲ. 2001ರಲ್ಲಿ ಮೈಕೆಲ್ ಮೆಕ್‌ಕ್ರ್ಯಾಕನ್ ನೇತೃತ್ವದ ತಂಡವು ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ 110ಕ್ಕೆ ಸಿಕ್ಕ ಸರಾಸರಿ ಅಂಕ 23ಕ್ಕೂ ಕಡಿಮೆ. 2004ರಲ್ಲಿ ರೇಮಂಡ್ ಲಿಸ್ಟರ್ ಮತ್ತು ಸಂಗಡಿಗರು ಏಳು ದೇಶಗಳಲ್ಲಿ ನಡೆಸಿದ ಅಧ್ಯಯನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೊಸದಾಗಿ ಬರೆಯುವುದು ಹಾಗಿರಲಿ, ಎದುರಿಗಿರುವ ಚಿಕ್ಕ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿ ಅದು ಏನು ಮಾಡುತ್ತದೆಂದು ಹೇಳುವುದೇ ಅನೇಕರಿಗೆ ಕಷ್ಟವೆಂದು ಅದು ತೋರಿಸಿತು. ಓದಲು ಬಾರದವನಿಂದ ಬರೆಸಲು ಹೊರಟರೆ ಆತ ನಕಲು ಮಾಡದೆ ಮತ್ತೇನು ಮಾಡಿಯಾನು?

ಇಂಗ್ಲಿಷ್ ಬಾರದವರಿಗೆ ಕಂಪ್ಯೂಟರ್ ವಿದ್ಯೆ ಒಲಿಯದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. 1989ರಲ್ಲಿ ಪ್ರಮಾಣೀಕರಣಗೊಂಡ ಸಿ ಭಾಷೆಯಲ್ಲಿದ್ದ ಮೀಸಲು ಪದಗಳು ಕೇವಲ 32. ಅಷ್ಟು ಪದಗಳನ್ನು ಕಲಿಯುವುದು ಖಜೂರಿಯಂತಹ ಗಡಿನಾಡಿನ ಮಕ್ಕಳಿಗೆ ಭಾರವಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ನೆರೆಹೊರೆಯಲ್ಲಿ ಉರ್ದು ಕೇಳಿ ಬೆಳೆಯುವವರು ಅವರು. ಭಾಷೆ ಅಡ್ಡಗೋಡೆಯಾಗಿ ನಿಲ್ಲುವುದು ಪ್ರೋಗ್ರಾಮಿನಲ್ಲಲ್ಲ. ಪ್ರಶ್ನೆಯಲ್ಲಿ, ವಿವರಣೆಯಲ್ಲಿ ಮತ್ತು ಮೌಖಿಕ ಪರೀಕ್ಷೆಯಲ್ಲಿ. ಲೆಕ್ಕದ ಕ್ರಮವನ್ನು ಹಂತಹಂತವಾಗಿ ನಿರೂಪಿಸುವ ಶಕ್ತಿ ಕನ್ನಡಕ್ಕೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ರಚಿಸಿದ್ದ.

ಈ ಭಾಗಕ್ಕೆ ಬಾಗಿಲುಗಳು ತೆರೆದಿವೆ ಎಂಬುದು ನಿಜ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನದೇ ಕಡಗಂಚಿಯಲ್ಲಿ ನೆಲೆಗೊಂಡಿತು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯು ಶಿಕ್ಷಣ ಮತ್ತು ಉದ್ಯೋಗದಲ್ಲಿ ಇಲ್ಲಿನವರಿಗೆ ಮೀಸಲಾತಿಗೆ ದಾರಿ ಮಾಡಿತು. ಆದರೆ ಮೀಸಲಾತಿ ವಿದ್ಯಾರ್ಥಿಯನ್ನು ತರಗತಿಯ ಒಳಗೆ ತಂದು ಕೂರಿಸಬಲ್ಲದು. ಅಲ್ಲಿ ಆತ ಏನು ಕಲಿತ ಎಂಬುದನ್ನು ಅಳೆಯುವ ತಕ್ಕಡಿಯೇ ವಾಲಿಕೊಂಡಿದ್ದರೆ ಸಂವಿಧಾನ ತಾನೆ ಏನು ಮಾಡೀತು?

ಈಗಂತೂ ಆ ತಕ್ಕಡಿ ಸಂಪೂರ್ಣ ಕೆಟ್ಟಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಮೊದಲ ವರ್ಷದ ಯಾವುದೇ ಅಸೈನ್‌ಮೆಂಟಿಗೆ ಕ್ಷಣಾರ್ಧದಲ್ಲಿ ಪ್ರೋಗ್ರಾಂ ಸಿಗುತ್ತದೆ. ಸಹಪಾಠಿಯ ರೆಕಾರ್ಡನ್ನು ಎರವಲು ಪಡೆಯುವ ಶ್ರಮವೂ ಉಳಿದಿಲ್ಲ. ಒಪ್ಪಿಸಿದ ಹಾಳೆಗೆ ಅಂಕ ಕೊಡುವ ಪದ್ಧತಿ ಇನ್ನು ಆತ್ಮವಂಚನೆಯೇ ಸರಿ.

ಹಾಗಾದರೆ ದಾರಿಯೇನು? ಅಂಕಗಳಲ್ಲಿ ಅರ್ಧವನ್ನಾದರೂ ವಿವರಣೆಗೆ ಮೀಸಲಿಡಬೇಕು. ಪ್ರತಿ ವಿದ್ಯಾರ್ಥಿಗೂ ಮೂರೇ ಪ್ರಶ್ನೆಗಳು ಸಾಕು. ಪ್ರತಿ ಹೆಜ್ಜೆಯಲ್ಲಿ ವೇರಿಯಬಲ್‌ಗಳ ಬೆಲೆ ಏನಾಗುತ್ತದೆಂದು ಕಾಗದದ ಮೇಲೆ ಬರೆದು ತೋರಿಸು; ಈ ಸಾಲನ್ನು ತೆಗೆದರೆ ಏನಾಗುತ್ತದೆ ಹೇಳು; ಯಾವ ಸಂಖ್ಯೆ ಕೊಟ್ಟರೆ ಈ ಪ್ರೋಗ್ರಾಂ ತಪ್ಪುತ್ತದೆ? ಉತ್ತರ ಕನ್ನಡದಲ್ಲಿ ಬಂದರೂ ಇಂಗ್ಲಿಷಿನಲ್ಲಿ ಬಂದರೂ ಅಂಕ ಒಂದೇ ಇರಬೇಕು. 2021ರಲ್ಲಿ ಎಐಸಿಟಿಇ ಎಂಜಿನಿಯರಿಂಗ್ ಪದವಿಯನ್ನೇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬೋಧಿಸಲು ಅವಕಾಶ ನೀಡಿರುವಾಗ, ಐದು ನಿಮಿಷದ ಮಾತುಕತೆಗೆ ಅಡ್ಡಿ ಯಾವುದು?

ಸಮಯವೆಲ್ಲಿದೆ ಎಂದು ಉಪನ್ಯಾಸಕರು ಕೇಳಬಹುದು. ಅತಿಥಿ ಉಪನ್ಯಾಸಕರನ್ನೇ ನೆಚ್ಚಿ ನಡೆಯುವ ಕಾಲೇಜುಗಳಲ್ಲಿ ಈ ಆಕ್ಷೇಪಕ್ಕೆ ತೂಕವಿದೆ. ಅರವತ್ತು ಜನರಿಗೆ ತಲಾ ಐದು ನಿಮಿಷವೆಂದರೆ ಐದು ಗಂಟೆ. ವಾರಕ್ಕೆ ಹನ್ನೆರಡು ಮಂದಿಯಂತೆ ಹಂಚಿದರೆ ವಾರಕ್ಕೆ ಒಂದು ಗಂಟೆ, ಐದು ವಾರಗಳಲ್ಲಿ ಎಲ್ಲರ ಸರದಿಯೂ ಮುಗಿಯುತ್ತದೆ. ರೆಕಾರ್ಡ್ ಪುಸ್ತಕದ ಪುಟಪುಟಕ್ಕೂ ಸಹಿ ಹಾಕುವುದನ್ನು ನಿಲ್ಲಿಸಿದರೆ ಅದರ ಬಹುಪಾಲು ಸಮಯ ಅಲ್ಲಿಯೇ ಸಿಕ್ಕೀತು.

ಉದ್ಯೋಗಕ್ಕೆ ಇಂಗ್ಲಿಷ್ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅದನ್ನೂ ಕಲಿಸೋಣ, ಚೆನ್ನಾಗಿಯೇ ಕಲಿಸೋಣ. ಆದರೆ ಇಂಗ್ಲಿಷಿನ ಅಂಕವನ್ನು ಪ್ರೋಗ್ರಾಮಿಂಗ್ ಅಂಕವೆಂಬ ಹೆಸರಿನಲ್ಲಿ ಹಂಚುವುದು ಬೇಡ. ತನ್ನ ಹೊಲದ ನಷ್ಟದ ಲೆಕ್ಕದಿಂದ ಪ್ರೋಗ್ರಾಮಿನ ತಪ್ಪನ್ನು ಹಿಡಿಯಬಲ್ಲ ಹುಡುಗ ತಾನು ದಡ್ಡನೆಂದು ನಂಬಿಕೊಂಡು ಕಾಲೇಜಿನಿಂದ ಹೊರಬಿದ್ದರೆ, ಆ ನಷ್ಟವನ್ನು ತುಂಬಿಕೊಡುವವರು ಯಾರು?