ಕಂಡಕ್ಟರ್ ಅಂದ್ರೆ ವಾಹಕವಾ, ನಿರ್ವಾಹಕರಾ?

ಯಲಹಂಕದಿಂದ ಮೆಜೆಸ್ಟಿಕ್‌ಗೆ ಹೋಗುವ ಬಿಎಂಟಿಸಿ ಬಸ್ಸಲ್ಲಿ ಟಿಕೆಟ್ ಕೊಡುವವರು ಕಂಡಕ್ಟರ್. ನಮ್ಮ ಎಲೆಕ್ಟ್ರಿಕಲ್ ಲ್ಯಾಬಿನ ತಾಮ್ರದ ತಂತಿಯೂ ಕಂಡಕ್ಟರ್. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಕನ್ನಡ ಮಾತ್ರ ಇಬ್ಬರನ್ನೂ ಬೇರೆ ಬೇರೆ ಸೀಟಲ್ಲಿ ಕೂರಿಸಿದೆ: ಬಸ್ಸಿನವರು ನಿರ್ವಾಹಕರು, ತಾಮ್ರ ವಾಹಕ.

ವಾಹಕ ಅಂದ್ರೆ ಹೊತ್ತೊಯ್ಯುವಂಥದ್ದು. ವಾಹನ, ಪ್ರವಾಹ, ವಾಹಕ ಮೂರೂ ಒಂದೇ ಬೇರಿನಿಂದ ಬಂದವು. ಹಾಗಾಗಿ 'ವಾಹಕದಲ್ಲಿ ವಿದ್ಯುತ್ ಪ್ರವಾಹ' ಅಂತ ಹೇಳಿದ ಕೂಡಲೇ ಏನೋ ಒಂದು ಹರಿಯುತ್ತಿದೆ, ಇನ್ನೊಂದು ಅದನ್ನು ಸಾಗಿಸುತ್ತಿದೆ ಅನ್ನೋ ಚಿತ್ರ ಕಣ್ಣಿಗೆ ಬರುತ್ತೆ. ಹರಿಯಲು ಬಿಡದಿದ್ದರೆ ಅವಾಹಕ. ಎರಡರ ನಡುವಿನದು ಅರೆವಾಹಕ, ಅಂದರೆ ನಮ್ಮ ಸೆಮಿಕಂಡಕ್ಟರ್.

ನಮ್ಮಲ್ಲಿ ಹೆಚ್ಚಿನವರು ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಸೆಮಿಕಂಡಕ್ಟರ್ ಅನ್ನೋ ಹೆಸರು ನೂರು ಸಲ ಬರೆದಿರ್ತೀವಿ, ಆದರೆ 'ಅದರ ಅರ್ಥ ಏನು?' ಅಂತ ವೈವಾದಲ್ಲಿ ಕೇಳಿದರೆ ಮತ್ತೆ ಅದೇ ಡೆಫಿನಿಷನ್ ಒಪ್ಪಿಸ್ತೀವಿ. ಇನ್ನೊಂದು ಕಡೆ, ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಬಂದ ಗೆಳೆಯರಿದ್ದಾರೆ. ಅವರಿಗೆ ರೋಧ, ವಿಭವಾಂತರ, ಸಂವೇಗ ಎಲ್ಲಾ ಚೆನ್ನಾಗಿ ಗೊತ್ತು. ಮೊದಲ ಸೆಮಿಸ್ಟರಿನಲ್ಲಿ ರೆಸಿಸ್ಟೆನ್ಸ್, ಪೊಟೆನ್ಷಿಯಲ್ ಡಿಫರೆನ್ಸ್, ಮೊಮೆಂಟಮ್ ಅಂತ ಕೇಳಿದಾಗ ಇದೇನೋ ತಮಗೆ ಗೊತ್ತಿಲ್ಲದ ವಿಷಯ ಅಂದುಕೊಂಡು ಸುಮ್ಮನಾಗ್ತಾರೆ. ವಿಷಯ ಗೊತ್ತಿದೆ, ಹೆಸರು ಮಾತ್ರ ಬದಲಾಗಿದೆ. ಹೆಸರು ಗೊತ್ತಿದ್ದು ಅರ್ಥ ಗೊತ್ತಿಲ್ಲದವರು, ಅರ್ಥ ಗೊತ್ತಿದ್ದು ಹೆಸರು ಗೊತ್ತಿಲ್ಲದವರು, ಇಬ್ಬರೂ ಒಂದೇ ಬೆಂಚಲ್ಲಿ ಕೂತಿದ್ದೇವೆ. ಈ ಬರಹ ಇಬ್ಬರಿಗೂ.

ಬಲ, ಶಕ್ತಿ, ಸಾಮರ್ಥ್ಯ

ಮನೆಯಲ್ಲಿ ಮಾತಾಡುವಾಗ ಈ ಮೂರೂ ಹೆಚ್ಚುಕಡಿಮೆ ಒಂದೇ. 'ಮೈಯಲ್ಲಿ ಶಕ್ತಿ ಇಲ್ಲ' ಅಂದರೂ 'ಬಲ ಇಲ್ಲ' ಅಂದರೂ ಅಮ್ಮ ಊಟ ಬಡಿಸ್ತಾರೆ. ಭೌತಶಾಸ್ತ್ರದಲ್ಲಿ ಹಾಗಲ್ಲ. ಫೋರ್ಸ್ ಅಂದ್ರೆ ಬಲ, ಎನರ್ಜಿ ಅಂದ್ರೆ ಶಕ್ತಿ, ಪವರ್ ಅಂದ್ರೆ ಸಾಮರ್ಥ್ಯ. ಶಕ್ತಿ ಅನ್ನೋದು ಒಟ್ಟು ಮೊತ್ತ. ಸಾಮರ್ಥ್ಯ ಅನ್ನೋದು ಆ ಶಕ್ತಿ ಎಷ್ಟು ಬೇಗ ಬಳಕೆಯಾಗುತ್ತೆ ಅನ್ನೋ ದರ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಯಲಹಂಕದಲ್ಲೇ ಇದೆ. ಕರ್ನಾಟಕ ವಿದ್ಯುತ್ ನಿಗಮದ ಅನಿಲ ಆಧಾರಿತ ಸ್ಥಾವರದ ಸಾಮರ್ಥ್ಯ 370 ಮೆಗಾವ್ಯಾಟ್. ಅದು ಪವರ್. ಆ ಸ್ಥಾವರ ಪೂರ್ತಿ ಸಾಮರ್ಥ್ಯದಲ್ಲಿ ಒಂದು ಗಂಟೆ ಓಡಿದರೆ 3,70,000 ಯೂನಿಟ್ ವಿದ್ಯುತ್ ಬರುತ್ತೆ. ಅದು ಎನರ್ಜಿ. ಬೆಸ್ಕಾಂ ಬಿಲ್ಲಿನಲ್ಲಿ ಬರುವ ಯೂನಿಟ್, ಗೃಹಜ್ಯೋತಿಯ 200 ಯೂನಿಟ್ ಮಿತಿ, ಎಲ್ಲವೂ ಶಕ್ತಿಯ ಲೆಕ್ಕ. ಪಿಜಿಯಲ್ಲಿ 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಆನ್ ಇದ್ದರೆ ಒಂದು ಯೂನಿಟ್ ಖರ್ಚು. ಗೀಸರ್ ಮೇಲೆ ಬರೆದಿರೋದು ಸಾಮರ್ಥ್ಯ, ಬಿಲ್ಲಿನಲ್ಲಿ ಬರೋದು ಶಕ್ತಿ.

ಇನ್ನೊಂದು ಜೋಡಿ: ಸ್ಪೀಡ್ ಮತ್ತು ವೆಲಾಸಿಟಿ. ನಾವು ಎರಡಕ್ಕೂ 'ವೇಗ' ಅಂತೀವಿ. ರಾಜ್ಯದ ಪಠ್ಯಪುಸ್ತಕದಲ್ಲಿ ಸ್ಪೀಡ್ ಅಂದ್ರೆ ಜವ, ವೆಲಾಸಿಟಿ ಅಂದ್ರೆ ವೇಗ. ದಿಕ್ಕು ಸೇರಿದರೆ ವೇಗ, ಇಲ್ಲದಿದ್ದರೆ ಜವ. ಹೆಬ್ಬಾಳ ಫ್ಲೈಓವರ್‌ನ ಲೂಪಿನಲ್ಲಿ ಬೈಕ್ ಮೀಟರ್ 20 ತೋರಿಸುತ್ತಲೇ ಇದ್ದರೆ ಜವ ಬದಲಾಗಿಲ್ಲ. ಆದರೆ ತಿರುವಿನುದ್ದಕ್ಕೂ ದಿಕ್ಕು ಬದಲಾಗುತ್ತಿರುವುದರಿಂದ ವೇಗ ಬದಲಾಗುತ್ತಲೇ ಇದೆ.

ಇನರ್ಷಿಯಾ ಕೂಡ ಮಜವಾಗಿದೆ. ಲ್ಯಾಟಿನ್‌ನಲ್ಲಿ ಅದರ ಮೂಲ ಅರ್ಥ ಸೋಮಾರಿತನ. ಕನ್ನಡದಲ್ಲಿ ಜಡತ್ವ. ಬೆಳಗ್ಗೆ ಎಂಟರ ಕ್ಲಾಸಿಗೆ ಏಳಲಾಗದ ನಮ್ಮ ಮೈಜಡವೇ ಅದು. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಜಡ ಅಂದ ತಕ್ಷಣ ಇದ್ದಲ್ಲೇ ಇರೋದು ಮಾತ್ರ ನೆನಪಾಗುತ್ತೆ. ಓಡುತ್ತಿರುವ ವಸ್ತು ಓಡುತ್ತಲೇ ಇರೋದೂ ಜಡತ್ವವೇ. ಬಸ್ಸು ದಿಢೀರ್ ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಬೀಳೋದು ಅದಕ್ಕೇ. ಪದ ಅರ್ಧ ಅರ್ಥ ಕೊಡ್ತು, ಉಳಿದರ್ಧ ನಾವೇ ಸೇರಿಸಿಕೊಳ್ಳಬೇಕು. ಅರೆವಾಹಕದ ಕತೆಯೂ ಇದೇ. ಅದು ಬರೀ 'ಅರ್ಧ ಸಾಗಿಸುವಂಥದ್ದು' ಅಲ್ಲ. ಎಷ್ಟು ಸಾಗಿಸಬೇಕು ಅನ್ನೋದನ್ನು ಬೆರಕೆ, ಶಾಖ, ವೋಲ್ಟೇಜ್ ಮೂಲಕ ನಾವು ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಅನ್ನೋದೇ ಅದರ ವಿಶೇಷ.

ತಪ್ಪನ್ನೂ ಅನುವಾದ ಮಾಡಿದ ಪದ

2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ದಿನವೂ ಕೇಳಿದ ಪದ ಆಕ್ಸಿಜನ್. ಪತ್ರಿಕೆಗಳು 'ಆಮ್ಲಜನಕ' ಅಂತ ಬರೆದವು. ಆಮ್ಲ ಅಂದ್ರೆ ಆಸಿಡ್, ಜನಕ ಅಂದ್ರೆ ಹುಟ್ಟಿಸುವವನು. ಉಸಿರು ಕೊಡುವ ಗಾಳಿಗೆ ಆಸಿಡ್ಡಿನ ಅಪ್ಪ ಅಂತ ಯಾಕೆ ಹೆಸರು?

ಕಾರಣ 18ನೇ ಶತಮಾನದ ಫ್ರಾನ್ಸಿನಲ್ಲಿದೆ. ಎಲ್ಲಾ ಆಮ್ಲಗಳಲ್ಲೂ ಈ ಅನಿಲ ಇರಲೇಬೇಕು ಅಂತ ಲಾವಾಸಿಯೇ ನಂಬಿದ್ದ. ಹಾಗಾಗಿ ಗ್ರೀಕ್ ಪದಗಳನ್ನು ಸೇರಿಸಿ ಆಮ್ಲ ಹುಟ್ಟಿಸುವಂಥದ್ದು ಅನ್ನೋ ಅರ್ಥದಲ್ಲಿ ಆಕ್ಸಿಜನ್ ಅಂತ ಕರೆದ. ಆಮೇಲೆ ಹಂಫ್ರಿ ಡೇವಿ ಮುಂತಾದವರ ಕೆಲಸದಿಂದ ಅದು ಸರಿಯಲ್ಲ ಅಂತ ಗೊತ್ತಾಯ್ತು. ನಮ್ಮ ಕೆಮಿಸ್ಟ್ರಿ ಲ್ಯಾಬಿನ ಹೈಡ್ರೋಕ್ಲೋರಿಕ್ ಆಮ್ಲವನ್ನೇ ನೋಡಿ. ಅದರಲ್ಲಿ ಇರೋದು ಜಲಜನಕ ಮತ್ತು ಕ್ಲೋರಿನ್ ಮಾತ್ರ, ಆಮ್ಲಜನಕ ಇಲ್ಲವೇ ಇಲ್ಲ. ವಿಜ್ಞಾನ ತಿದ್ದಿಕೊಂಡಿತು, ಹೆಸರು ಹಾಗೇ ಉಳಿಯಿತು. ಕನ್ನಡದವರು ಅರ್ಥ ನೋಡಿ ಅನುವಾದ ಮಾಡಿದ್ದರಿಂದ ಆ ತಪ್ಪೂ ಕನ್ನಡಕ್ಕೆ ಬಂತು.

ಇಂಗ್ಲಿಷ್ ಹೆಸರಿನಲ್ಲಿ ಈ ತಪ್ಪು ನಮಗೆ ಕಾಣೋದಿಲ್ಲ, ಯಾಕಂದ್ರೆ ಗ್ರೀಕ್ ಗೊತ್ತಿಲ್ಲ. ಕನ್ನಡ ಹೆಸರಿನಲ್ಲಿ ಕಾಣುತ್ತೆ, ಯಾಕಂದ್ರೆ ಆಮ್ಲ ಗೊತ್ತು, ಜನಕ ಗೊತ್ತು. ಕನ್ನಡ ಪದ ಕಲಿಯೋದರಿಂದ ಆಗುವ ಲಾಭ ಇದೇ: ಪದದ ಒಳಗೇನಿದೆ ಅಂತ ಕಾಣುತ್ತೆ, ಆಗ ಅದನ್ನು ಪ್ರಶ್ನೆ ಮಾಡಬಹುದು.

ಆಸ್ಪತ್ರೆಯ ಚೀಟಿಯಲ್ಲಿ

ಲ್ಯಾಬಿನಲ್ಲಿ ಪದ ತಪ್ಪಾದರೆ ಎರಡು ಮಾರ್ಕ್ಸ್ ಹೋಗುತ್ತೆ. ಆಸ್ಪತ್ರೆಯಲ್ಲಿ ಹಾಗಲ್ಲ. ಮನೆಯಲ್ಲಿ ಇಂಜಿನಿಯರಿಂಗ್ ಓದುವವರು ಅಂತ ನಾವಿದ್ದರೆ ಡಾಕ್ಟರ್ ಬರೆದ ಚೀಟಿ ಓದಿ ಹೇಳೋದು ನಮ್ಮ ಕೆಲಸವೇ. ಅಲ್ಲಿರುವ ನಾಲ್ಕು ಪದ ನೋಡೋಣ.

ಆಂಟಿಬಯಾಟಿಕ್ ಮತ್ತು ಆಂಟಿಬಾಡಿ. ಕೇಳೋಕೆ ಅಣ್ಣತಮ್ಮ, ಕೆಲಸದಲ್ಲಿ ಸಂಬಂಧ ಇಲ್ಲ. ಕನ್ನಡದಲ್ಲಿ ಮೊದಲನೆಯದು ಪ್ರತಿಜೀವಕ, ಎರಡನೆಯದು ಪ್ರತಿಕಾಯ. ಪ್ರತಿಜೀವಕ ಹೊರಗಿನಿಂದ ತೆಗೆದುಕೊಳ್ಳುವ ಔಷಧ. ಬ್ಯಾಕ್ಟೀರಿಯಾ ಎಂಬ ಜೀವಿಯ ವಿರುದ್ಧ ಕೆಲಸ ಮಾಡುತ್ತೆ. ಪ್ರತಿಕಾಯ ನಮ್ಮ ದೇಹವೇ ತಯಾರಿಸುವ ಪ್ರೋಟೀನ್. ಲಸಿಕೆ ಹಾಕಿಸಿದಾಗ ಹೆಚ್ಚೋದು ಇದು. ಸಾಮಾನ್ಯ ನೆಗಡಿ ಬರೋದು ವೈರಸ್‌ನಿಂದ, ಅದರ ಮೇಲೆ ಪ್ರತಿಜೀವಕ ಕೆಲಸ ಮಾಡಲ್ಲ. ನೆಗಡಿಗೆಲ್ಲಾ ಮೆಡಿಕಲ್ ಸ್ಟೋರಿನಿಂದ ಆಂಟಿಬಯಾಟಿಕ್ ತಂದು ನುಂಗಿದರೆ ನೆಗಡಿ ಹೋಗಲ್ಲ, ಬದಲಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಲು ದಾರಿಯಾಗುತ್ತೆ.

ಡಯಾಬಿಟಿಸ್. ಸಂಸ್ಕೃತದಿಂದ ಬಂದ ಹೆಸರು ಮಧುಮೇಹ, ಅಂದರೆ ಜೇನಿನಂಥ ಮೂತ್ರ. ಲ್ಯಾಟಿನ್ ಹೆಸರಿನ ಎರಡನೇ ಭಾಗವಾದ 'ಮೆಲಿಟಸ್' ಕೂಡ ಜೇನಿನ ಸಿಹಿಯನ್ನೇ ಹೇಳುತ್ತೆ. ನಮ್ಮ ಮನೆಗಳಲ್ಲಿ ಇದು ಸಕ್ಕರೆ ಕಾಯಿಲೆ, ಇಲ್ಲಾ ಬರೀ 'ಶುಗರ್'. ಈ ಮನೆಮಾತಿನ ಹೆಸರಲ್ಲೊಂದು ಅಪಾಯ ಇದೆ. ಸಕ್ಕರೆ ಕಾಯಿಲೆ ಅಂದರೆ ಸಕ್ಕರೆ ಬಿಟ್ಟರೆ ಸಾಕು ಅನ್ನಿಸಿಬಿಡುತ್ತೆ. ಕಾಫಿಗೆ ಸಕ್ಕರೆ ಬೇಡ ಅಂತಾರೆ, ಎರಡು ತಟ್ಟೆ ಅನ್ನ ಊಟ ಮಾಡ್ತಾರೆ. ಅನ್ನವೂ ಮುದ್ದೆಯೂ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತೆ ಅನ್ನೋದನ್ನು ಹೆಸರು ಹೇಳಲ್ಲ, ನಾವು ಹೇಳಬೇಕು.

ಕ್ಯಾಟರಾಕ್ಟ್. ಕನ್ನಡದಲ್ಲಿ ಕಣ್ಣಿನ ಪೊರೆ. ಹಾವು ಬಿಡುವ ಪೊರೆಯ ಹಾಗೆ ಮೇಲೊಂದು ತೆಳು ಪದರ ಬಂದಿದೆ ಅಂತ ತೋರುತ್ತೆ. ನಿಜವಾಗಿ ಮಂಜಾಗಿರೋದು ಕಣ್ಣಿನ ಒಳಗಿರುವ ಮಸೂರ, ಅಂದರೆ ಲೆನ್ಸ್. ಅದಕ್ಕೇ ಆಪರೇಷನ್ನಿನಲ್ಲಿ ಪದರ ಸುಲಿಯಲ್ಲ, ಹಳೆಯ ಮಸೂರ ತೆಗೆದು ಕೃತಕ ಮಸೂರ ಇಡ್ತಾರೆ. 'ಪೊರೆ ತೆಗೆಯೋಕೆ ಲೆನ್ಸ್ ಯಾಕೆ?' ಅಂತ ಅಜ್ಜಿ ಕೇಳಿದರೆ ಉತ್ತರ ಇದು.

ಯಶವಂತಪುರದ ಮಂಡಿಯಲ್ಲಿ

ಅರ್ಥಶಾಸ್ತ್ರದ ಪದಗಳನ್ನು ಅರ್ಥ ಮಾಡಿಕೊಳ್ಳಲು ಯಶವಂತಪುರದ ಎಪಿಎಂಸಿ ಯಾರ್ಡಿಗಿಂತ ಒಳ್ಳೆಯ ಕ್ಲಾಸ್‌ರೂಂ ಇಲ್ಲ.

ಡಿಮ್ಯಾಂಡ್ ಅಂದ್ರೆ ಬೇಡಿಕೆ. ಬೇಡು ಅನ್ನೋ ಅಚ್ಚಗನ್ನಡ ಕ್ರಿಯಾಪದದಿಂದ ಬಂದದ್ದು. ಆದರೆ ಬರೀ ಬೇಕು ಅನ್ನಿಸಿದರೆ ಅರ್ಥಶಾಸ್ತ್ರದಲ್ಲಿ ಅದು ಬೇಡಿಕೆ ಆಗಲ್ಲ. ಆ ಬೆಲೆಗೆ ಕೊಳ್ಳುವ ಮನಸ್ಸೂ ಬೇಕು, ಜೇಬಲ್ಲಿ ದುಡ್ಡೂ ಬೇಕು. ಈರುಳ್ಳಿ ದುಬಾರಿಯಾದಾಗ ಹೋಟೆಲಿನವರು ಈರುಳ್ಳಿ ದೋಸೆ ನಿಲ್ಲಿಸಿದರೆ ನಮಗೆ ಅದರ ಮೇಲಿನ ಆಸೆ ಹೋಗಿಲ್ಲ, ಮಂಡಿಯಲ್ಲಿ ಬೇಡಿಕೆ ಮಾತ್ರ ಇಳಿದಿದೆ.

ಬೆಲೆ ಏರಿದಾಗ ಬೇಡಿಕೆ ಎಷ್ಟು ಇಳಿಯುತ್ತೆ ಅನ್ನೋ ಅಳತೆಗೆ ಇಲಾಸ್ಟಿಸಿಟಿ ಅಂತಾರೆ. ಪಿಯುಸಿ ಅರ್ಥಶಾಸ್ತ್ರದಲ್ಲಿ ಇದು 'ಬೇಡಿಕೆಯ ಸ್ಥಿತಿಸ್ಥಾಪಕತ್ವ'. ಇದು ಸ್ಪ್ರಿಂಗಿನ ಪಾಠದಿಂದ ನೇರವಾಗಿ ಎತ್ತಿಕೊಂಡ ಪದ. ಎಳೆದು ಬಿಟ್ಟರೆ ಸ್ಪ್ರಿಂಗ್ ತನ್ನ ಮೊದಲಿನ ಸ್ಥಿತಿಗೆ ಮರಳುತ್ತೆ, ಅಲ್ಲಿ ಆ ಹೆಸರು ಸರಿ. ಬೇಡಿಕೆಯಲ್ಲಿ ನಾವು ಅಳೆಯೋದು ಮರಳುವುದನ್ನಲ್ಲ, ಎಷ್ಟು ಹಿಗ್ಗುತ್ತೆ ಕುಗ್ಗುತ್ತೆ ಅನ್ನೋದನ್ನು. ಇಲ್ಲಿ ಕನ್ನಡ ಪದ ದಾರಿ ತಪ್ಪಿಸುತ್ತೆ ಅಂತ ನಮ್ಮ ಅಭಿಪ್ರಾಯ.

ಇನ್‌ಫ್ಲೇಷನ್ ಅಂದ್ರೆ ಹಣದುಬ್ಬರ. ಹಣ, ಉಬ್ಬರ. ಲ್ಯಾಟಿನ್ ಮೂಲವೂ ಊದಿ ಉಬ್ಬಿಸೋದು ಅಂತಲೇ. 'ಹಣದುಬ್ಬರ ಇಳಿಕೆ' ಅಂತ ಪತ್ರಿಕೆಯಲ್ಲಿ ತಲೆಬರಹ ಬಂದರೆ ಮನೆಯಲ್ಲಿ ಕೇಳೋ ಪ್ರಶ್ನೆ ಒಂದೇ: 'ಹಾಗಾದ್ರೆ ಬೇಳೆ ರೇಟ್ ಯಾಕೆ ಇಳಿದಿಲ್ಲ?' ಲೆಕ್ಕ ಹಾಕಿ ನೋಡಿ. 100 ರೂಪಾಯಿಯ ಸಾಮಾನು ಒಂದು ವರ್ಷದಲ್ಲಿ ಶೇ 6ರಷ್ಟು ಏರಿದರೆ 106. ಮರುವರ್ಷ ಹಣದುಬ್ಬರ ಶೇ 4ಕ್ಕೆ ಇಳಿದರೆ ಬೆಲೆ 110 ರೂಪಾಯಿ 24 ಪೈಸೆ. ಹಣದುಬ್ಬರ ಇಳಿಯಿತು, ಬೆಲೆ ಏರಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಹಣದುಬ್ಬರ ಅಂದ್ರೆ ಬೆಲೆ ಏರುವ ವೇಗ. ವೇಗ ಕಡಿಮೆಯಾದರೆ ಬಸ್ಸು ಹಿಂದಕ್ಕೆ ಹೋಗಲ್ಲ, ನಿಧಾನವಾಗಿ ಮುಂದಕ್ಕೇ ಹೋಗುತ್ತೆ. ರಿಸರ್ವ್ ಬ್ಯಾಂಕಿನ ಗುರಿಯೂ ಶೇ 4, ಅದರಿಂದ ಶೇ 2ರಷ್ಟು ಆಚೀಚೆ. ಅಂದರೆ ಬೆಲೆ ನಿಲ್ಲಬೇಕು ಅನ್ನೋದು ಅವರ ಗುರಿಯೇ ಅಲ್ಲ, ನಿಧಾನವಾಗಿ ಏರಬೇಕು ಅನ್ನೋದು.

ಈ ಪದಗಳು ಎಲ್ಲಿಂದ ಬಂದವು?

ಇವೆಲ್ಲ ಸರ್ಕಾರಿ ಕಡತದಲ್ಲಿ ಹುಟ್ಟಿದ ಪದಗಳಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 'ವಿಜ್ಞಾನ' ಅನ್ನೋ ಕನ್ನಡ ಪತ್ರಿಕೆ ಶುರು ಮಾಡಿದರು. ಅದು ಹೆಚ್ಚು ಕಾಲ ನಡೆಯಲಿಲ್ಲ. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬಹುದು ಅಂತ ತೋರಿಸಿತು. 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಬಂತು. ಮುಂದೆ ಶಿವರಾಮ ಕಾರಂತ, ಬಿ.ಜಿ.ಎಲ್. ಸ್ವಾಮಿ, ಜಿ.ಟಿ. ನಾರಾಯಣರಾವ್, ಜೆ.ಆರ್. ಲಕ್ಷ್ಮಣರಾವ್ ಅವರಂಥವರು ಬರೆದು ಬರೆದು ಪದಗಳನ್ನು ಸವೆಸಿ ನಯ ಮಾಡಿದರು.

ಅವರು ಎಲ್ಲವನ್ನೂ ಅನುವಾದ ಮಾಡಲಿಲ್ಲ. ತೂಕ, ಕೆಲಸ, ಬೇಡಿಕೆ ಇವು ಮೊದಲೇ ಮನೆಯಲ್ಲಿದ್ದ ಪದಗಳು. ಸಂವೇಗ, ಪ್ರತಿಕಾಯ ಇವು ಸಂಸ್ಕೃತದಿಂದ ಕಟ್ಟಿದವು. ವೋಲ್ಟ್, ಓಮ್, ಇನ್ಸುಲಿನ್ ಹಾಗೇ ಉಳಿದವು. ವೈರಾಣು ಅನ್ನೋದಂತೂ ಜಾಣತನದ ಪದ: ವೈರಿಯಂಥ ಅಣು ಅಂತಲೂ ಆಯ್ತು, ವೈರಸ್ ಅನ್ನೋ ಸದ್ದೂ ಉಳೀತು.

ನಾವು ಏನು ಮಾಡಬಹುದು?

ನಾಳೆಯಿಂದ ಎಲ್ಲರೂ ಟ್ರಾನ್ಸಿಸ್ಟರಿಗೆ ಕನ್ನಡ ಪದ ಹುಡುಕಿ ಅಂತ ನಾವು ಹೇಳುತ್ತಿಲ್ಲ. ಹೊಸ ಪದ ಸಿಕ್ಕಾಗ ಮೂರು ಪ್ರಶ್ನೆ ಕೇಳಿ. ಒಂದು, ಈ ಪದ ಅಕ್ಷರಶಃ ಏನು ಹೇಳುತ್ತೆ? ಎರಡು, ಇದರಿಂದ ನಿಜವಾಗಿ ಅಳೆಯೋದು ಏನನ್ನು, ಯಾವ ಯೂನಿಟ್ಟಿನಲ್ಲಿ? ಮೂರು, ಪದ ಹೇಳದೆ ಬಿಟ್ಟಿದ್ದು ಏನು? ಮೊದಲನೆಯದಕ್ಕೆ ಕನ್ನಡ ಪದ ಸಹಾಯ ಮಾಡುತ್ತೆ. ಎರಡನೆಯದಕ್ಕೆ ನಮ್ಮ ಟೆಕ್ಸ್ಟ್‌ಬುಕ್ ಇದೆ. ಮೂರನೆಯದಕ್ಕೆ ಪಕ್ಕದಲ್ಲಿ ಕೂತವರ ಜೊತೆ ಮಾತಾಡಬೇಕು.

ಆ ಪಕ್ಕದವರು ಕನ್ನಡ ಮಾಧ್ಯಮದಿಂದ ಬಂದವರಾಗಿದ್ದರೆ ಇನ್ನೂ ಒಳ್ಳೆಯದು. 'ರೆಸಿಸ್ಟೆನ್ಸ್ ಅಂದ್ರೆ ನಿಮ್ಮ ಪುಸ್ತಕದಲ್ಲಿದ್ದ ರೋಧ' ಅಂತ ಅವರಿಗೆ ಒಂದು ಮಾತು ಹೇಳಿ. 'ವಿಭವಾಂತರ ಅಂದ್ರೆ ಏನು?' ಅಂತ ಅವರನ್ನು ಕೇಳಿ. ಇಂಟರ್ನಲ್ಸ್‌ಗೆ ಮುಂಚೆ ಇಬ್ಬರಿಗೂ ಒಂದು ಚಾಪ್ಟರ್ ರಿವಿಷನ್ ಆಗಿರುತ್ತೆ.