ಮುಳ್ಳಿಗೆ ಮುಳ್ಳು: ಅರ್ಬುದ ಚಿಕಿತ್ಸೆಯಲ್ಲಿ ರೋಗಾಣುಗಳು

ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ಆರಂಭಗೊಂಡ ಟಾಟಾ ಸ್ಮಾರಕ ಆಸ್ಪತ್ರೆಯ ದಾರಿಯನ್ನರಿಯದ ಕನ್ನಡ ಕುಟುಂಬಗಳು ಈ ಮಹಾನಗರದಲ್ಲಿ ವಿರಳವೆಂದೇ ಹೇಳಬೇಕು. ಊರಿನಿಂದ ಅಣ್ಣನೋ, ಅತ್ತೆಯೋ, ನೆರೆಮನೆಯ ಹಿರಿಯರೋ ತಪಾಸಣೆಯ ಕಾಗದಗಳ ಕಟ್ಟನ್ನು ಕಂಕುಳಲ್ಲಿರಿಸಿಕೊಂಡು ರೈಲಿನಿಂದ ಇಳಿಯುತ್ತಾರೆ. ಎರಡು ಕೋಣೆಗಳ ಮನೆಯಲ್ಲಿ ಇನ್ನೊಂದು ಹಾಸಿಗೆ ಬೀಳುತ್ತದೆ. ರಾತ್ರಿ ಊಟವಾದ ಮೇಲೆ ಯಾರೋ ಒಬ್ಬರು ಮೆಲ್ಲನೆ ಕೇಳುತ್ತಾರೆ: "ಕ್ಯಾನ್ಸರ್ ಗಡ್ಡೆಯನ್ನು ತಿಂದುಹಾಕುವ ಕ್ರಿಮಿಯನ್ನು ಕಂಡುಹಿಡಿದಿದ್ದಾರಂತೆ, ನಿಜವೇ?"

ಈ ಪ್ರಶ್ನೆಗೆ ಹೌದೆಂದರೂ ಇಲ್ಲವೆಂದರೂ ಪೂರ್ಣ ಸತ್ಯವಾಗದು. ರೋಗವನ್ನು ಹರಡುವ ಸೂಕ್ಷ್ಮಾಣುಗಳಿಂದಲೇ ಅರ್ಬುದವನ್ನು ಎದುರಿಸುವ ಯತ್ನಕ್ಕೆ ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಅದು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂಬುದನ್ನು ತಿಳಿದಿರುವುದು ರೋಗಿಗೂ ಅವರ ಮನೆಯವರಿಗೂ ಹಿತಕರ.

ಜ್ವರದಿಂದ ಬಂದ ಸುಳಿವು

1890ರಲ್ಲಿ ನ್ಯೂಯಾರ್ಕಿನ ತರುಣ ಶಸ್ತ್ರವೈದ್ಯ ವಿಲಿಯಂ ಕೋಲಿ ಅವರ ಬಳಿಗೆ 17 ವರ್ಷದ ಹುಡುಗಿಯೊಬ್ಬಳು ಬಂದಳು. ಕೈಯ ಮೂಳೆಗೆ ಸಂಬಂಧಿಸಿದ ಅರ್ಬುದ. ಕೈಯನ್ನೇ ಕತ್ತರಿಸಿದರೂ ರೋಗ ಹರಡಿ, ಕೆಲವೇ ತಿಂಗಳುಗಳಲ್ಲಿ ಆಕೆ ತೀರಿಕೊಂಡಳು. ಈ ಸಾವಿನಿಂದ ಕಳವಳಗೊಂಡ ಕೋಲಿ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಶೋಧಿಸತೊಡಗಿದರು. ಕತ್ತಿನಲ್ಲಿ ಮರುಕಳಿಸುತ್ತಿದ್ದ ಗಡ್ಡೆಯುಳ್ಳ ರೋಗಿಯೊಬ್ಬನಿಗೆ ಎರಿಸಿಪೆಲಸ್ ಎಂಬ ಚರ್ಮದ ಸೋಂಕು ತಗುಲಿ, ತೀವ್ರ ಜ್ವರ ಬಂದು, ಜ್ವರದೊಂದಿಗೆ ಗಡ್ಡೆಯೂ ಕರಗಿತ್ತೆಂಬ ದಾಖಲೆ ಅವರಿಗೆ ದೊರೆಯಿತು. ಕೋಲಿ ಆ ಮನುಷ್ಯನನ್ನು ಬಡವರ ಕೇರಿಗಳಲ್ಲಿ ಹುಡುಕಿ ಪತ್ತೆಹಚ್ಚಿದರು. ಏಳು ವರ್ಷಗಳ ಅನಂತರವೂ ಅವನು ರೋಗಮುಕ್ತನಾಗಿದ್ದನು.

1891ರಿಂದ ಕೋಲಿ ಸ್ವತಃ ರೋಗಿಗಳಿಗೆ ಆ ಸೋಂಕಿನ ಸೂಕ್ಷ್ಮಾಣುಗಳನ್ನು ಚುಚ್ಚತೊಡಗಿದರು. ಕೆಲವರು ಗುಣಮುಖರಾದರು, ಕೆಲವರು ಸೋಂಕಿಗೇ ಬಲಿಯಾದರು. ಆ ಬಳಿಕ ಅವರು ಸತ್ತ ಸೂಕ್ಷ್ಮಾಣುಗಳ ಮಿಶ್ರಣವನ್ನು ಬಳಸಿದರು. ಫಲಿತಾಂಶ ಒಬ್ಬರಲ್ಲಿದ್ದಂತೆ ಇನ್ನೊಬ್ಬರಲ್ಲಿ ಇರಲಿಲ್ಲ. ವಿಕಿರಣ ಚಿಕಿತ್ಸೆಯೂ ರಾಸಾಯನಿಕ ಔಷಧಗಳೂ ಬಂದ ಮೇಲೆ ಈ ವಿಧಾನ ಮೂಲೆಗುಂಪಾಯಿತು.

ಆದರೆ ಅದರ ತಿರುಳು ನಶಿಸಲಿಲ್ಲ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ 13 ವರ್ಷಗಳ ಪರಿಶ್ರಮದಿಂದ, ದನಗಳಿಗೆ ತಗಲುವ ಕ್ಷಯಾಣುವನ್ನು ದುರ್ಬಲಗೊಳಿಸಿ ಸಿದ್ಧಪಡಿಸಿದ ಬಿ.ಸಿ.ಜಿ. ಲಸಿಕೆಯ ಗುರುತು ಓದುಗರಲ್ಲಿ ಅನೇಕರ ತೋಳಿನ ಮೇಲಿದೆ. ಮದರಾಸಿನ ಗಿಂಡಿಯಲ್ಲಿ 1948ರಲ್ಲಿ ಸ್ಥಾಪಿತವಾದ ಪ್ರಯೋಗಾಲಯದಲ್ಲಿ ನಮ್ಮ ದೇಶವೂ ಅದನ್ನು ತಯಾರಿಸತೊಡಗಿತು. 1976ರಲ್ಲಿ ಕೆನಡಾದ ವೈದ್ಯ ಆಲ್ವಾರೊ ಮೊರಾಲೆಸ್ ಇದೇ ಜೀವಂತ ಲಸಿಕೆಯನ್ನು ಮೂತ್ರಕೋಶದ ಒಳಪದರದ ಅರ್ಬುದಕ್ಕೆ ಬಳಸಿ ಸತ್ಫಲವನ್ನು ವರದಿ ಮಾಡಿದರು. ಇಂದಿಗೂ ಆ ರೋಗದಲ್ಲಿ ಇದು ಮಾನ್ಯ ಚಿಕಿತ್ಸೆಯಾಗಿದೆ. ರೋಗಾಣುವಿನ ಉಪಸ್ಥಿತಿಯಿಂದ ಕೆರಳಿದ ದೇಹದ ರಕ್ಷಣಾವ್ಯವಸ್ಥೆ ಅರ್ಬುದದ ಮೇಲೂ ಎರಗುತ್ತದೆ.

ಗಾಳಿಯಿಲ್ಲದ ಕೋಣೆ

ಯೋಜನೆಯಿಲ್ಲದೆ ಬೆಳೆದ ಬಡಾವಣೆಗೆ ನೀರಿನ ಕೊಳವೆ ಸರಿಯಾಗಿ ತಲುಪದಿರುವುದು ಮಹಾನಗರದ ನಿವಾಸಿಗಳಿಗೆ ತಿಳಿದ ಸಂಗತಿ. ಅರ್ಬುದದ ಗಡ್ಡೆಯ ಗತಿಯೂ ಅದೇ. ಅದು ಬೆಳೆಯುವ ವೇಗಕ್ಕೆ ರಕ್ತನಾಳಗಳು ಬೆಳೆಯಲಾರವು. ಒಳಭಾಗಕ್ಕೆ ಆಮ್ಲಜನಕ ದೊರೆಯದು. ರಕ್ತದ ಮೂಲಕ ಹೋಗುವ ಔಷಧ ಅಲ್ಲಿಗೆ ಸಾಕಷ್ಟು ತಲುಪದು; ಆಮ್ಲಜನಕವಿಲ್ಲದೆಡೆ ವಿಕಿರಣದ ಪರಿಣಾಮವೂ ಕುಗ್ಗುತ್ತದೆ. ಹೀಗೆ ಉಳಿದುಕೊಂಡ ಜೀವಕೋಶಗಳಿಂದ ರೋಗ ಮತ್ತೆ ತಲೆಯೆತ್ತಬಹುದು.

ಆದರೆ ಗಾಳಿಯಿಲ್ಲದ ಸ್ಥಳವೇ ಕೆಲವು ಸೂಕ್ಷ್ಮಾಣುಗಳಿಗೆ ತವರುಮನೆ. 1955ರಲ್ಲಿ ಅಮೆರಿಕದ ಮಾಲ್ಮ್‌ಗ್ರೆನ್ ಮತ್ತು ಫ್ಲಾನಿಗನ್ ಇಲಿಗಳಿಗೆ ಧನುರ್ವಾಯುವಿನ ಬೀಜಾಣುಗಳನ್ನು ಚುಚ್ಚಿದರು. ಆರೋಗ್ಯವಂತ ಇಲಿಗಳಿಗೆ ಏನೂ ಆಗಲಿಲ್ಲ. ಗಡ್ಡೆಗಳಿದ್ದ ಇಲಿಗಳು 48 ಗಂಟೆಗಳೊಳಗೆ ಧನುರ್ವಾಯುವಿನಿಂದ ಸತ್ತವು. ಬೀಜಾಣುಗಳು ಗಡ್ಡೆಯೊಳಗೆ ಮಾತ್ರ ಮೊಳೆತಿದ್ದವು. ವೈದ್ಯನ ಔಷಧಕ್ಕೆ ತೆರೆಯದ ಬಾಗಿಲು ರೋಗಾಣುವಿಗೆ ತೆರೆದಿತ್ತು.

ಲಾಕರಿನ ಎರಡು ಕೀಲಿಕೈಗಳು

ಹಾಗಿದ್ದಲ್ಲಿ ಆ ರೋಗಾಣುವಿನ ಕೈಯಲ್ಲೇ ಔಷಧವನ್ನು ಕೊಟ್ಟು ಕಳುಹಿಸಬಾರದೇಕೆ? ಜೀನುಗಳ ಜ್ಞಾನ ಬೆಳೆದಂತೆ ಈ ಆಲೋಚನೆಗೆ ಬಲ ಬಂದಿತು. ಯಾವ ಪ್ರೋಟೀನನ್ನು ಹೇಗೆ ತಯಾರಿಸಬೇಕೆಂದು ಜೀವಕೋಶಕ್ಕೆ ತಿಳಿಸುವ ಲಿಖಿತ ಸೂಚನೆಯೇ ಜೀನು. ಮಾನವನ ಜೀನನ್ನು ಸೂಕ್ಷ್ಮಾಣುವಿಗೆ ಸೇರಿಸಿ ತಯಾರಿಸಿದ ಇನ್ಸುಲಿನ್ 1982ರಲ್ಲೇ ಅನುಮತಿ ಪಡೆದು, ಮಧುಮೇಹಿಗಳ ಮನೆಮಾತಾಗಿದೆ. ಇನ್ಸುಲಿನ್ ಸಿದ್ಧವಾಗುವುದು ಕಾರ್ಖಾನೆಯ ತೊಟ್ಟಿಯಲ್ಲಿ. ಇಲ್ಲಿ ಗಡ್ಡೆಯನ್ನೇ ಕಾರ್ಖಾನೆಯಾಗಿಸುವುದು ವಿಜ್ಞಾನಿಗಳ ಉದ್ದೇಶ.

ಇದಕ್ಕಾಗಿ ಆಯ್ದ ಸೂಕ್ಷ್ಮಾಣುಗಳಲ್ಲಿ ಒಂದು, ಕೆಟ್ಟ ಆಹಾರದಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲ. ಅದರ ಎರಡು ಜೀನುಗಳನ್ನು ತೆಗೆದುಹಾಕಲಾಯಿತು. ಒಂದರ ಅಭಾವದಿಂದ ಅದರ ಹೊರಕವಚದ ವಿಷ ತಗ್ಗಿತು. ಇನ್ನೊಂದರ ಅಭಾವದಿಂದ ಅದು ತನಗೆ ಅಗತ್ಯವಾದ ಪೋಷಕಾಂಶಗಳಿಗೆ ಪರಾವಲಂಬಿಯಾಯಿತು. ಕೋಶಗಳು ಸಾಯುತ್ತಿರುವ ಗಡ್ಡೆಯಲ್ಲಿ ಅಂತಹ ಪೋಷಕಾಂಶಗಳು ಧಾರಾಳ. ಇಲಿಗಳಲ್ಲಿ ಈ ಸೂಕ್ಷ್ಮಾಣುಗಳು ಇತರ ಅಂಗಗಳಿಗಿಂತ ಸುಮಾರು ಸಾವಿರಪಟ್ಟು ಅಧಿಕವಾಗಿ ಗಡ್ಡೆಯಲ್ಲಿ ನೆಲೆಸಿದವು.

ಅನಂತರ ಇದಕ್ಕೆ ಸೈಟೋಸಿನ್ ಡಿಅಮಿನೇಸ್ ಎಂಬ ಕಿಣ್ವದ ಜೀನನ್ನು ಜೋಡಿಸಲಾಯಿತು. ಈ ಕಿಣ್ವ ಮಾನವನ ಜೀವಕೋಶಗಳಲ್ಲಿಲ್ಲ. ಬ್ಯಾಂಕಿನ ಲಾಕರನ್ನು ತೆರೆಯಲು ಗ್ರಾಹಕನ ಕೀಲಿಕೈಯೂ ಬ್ಯಾಂಕಿನ ಕೀಲಿಕೈಯೂ ಒಂದಾಗಬೇಕಷ್ಟೆ. ಇಲ್ಲಿಯೂ ಹಾಗೆಯೇ. ಮೊದಲ ಕೀಲಿಕೈ ಗಡ್ಡೆಯೊಳಗಿನ ಸೂಕ್ಷ್ಮಾಣು ತಯಾರಿಸುವ ಕಿಣ್ವ. ಎರಡನೆಯದು ರೋಗಿ ಬಾಯಿಯಿಂದ ಸೇವಿಸುವ ಫ್ಲೂಸೈಟೋಸಿನ್ ಎಂಬ, ಶಿಲೀಂಧ್ರದ ಸೋಂಕಿಗೆ ಬಳಸುವ ಔಷಧ. ಎರಡೂ ಕೂಡಿದೆಡೆಯಲ್ಲಿ ಮಾತ್ರ ಆ ಔಷಧವು ಫ್ಲೋರೋಯುರಾಸಿಲ್ ಎಂಬ, ಅರ್ಬುದ ಕೋಶಗಳನ್ನು ಕೊಲ್ಲುವ ಹಳೆಯ ಮದ್ದಾಗಿ ಮಾರ್ಪಡುತ್ತದೆ. ಇದರಿಂದ ದೇಹದ ಉಳಿದ ಭಾಗಕ್ಕೆ ಹಾನಿ ತಗ್ಗುವುದೆಂಬುದೇ ನಿರೀಕ್ಷೆ. ಸೂಕ್ಷ್ಮಾಣು ಮಿತಿಮೀರಿದರೆ ಅದನ್ನು ಅಡಗಿಸಲು ಆಂಟಿಬಯಾಟಿಕ್‌ಗಳು ಇದ್ದೇ ಇವೆ.

ಜಮಾ-ಖರ್ಚಿನ ಲೆಕ್ಕ

ಮನುಷ್ಯರಲ್ಲಿ ಫಲವೇನಾಯಿತು? ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು ದುರ್ಬಲಗೊಳಿಸಿದ ಸಾಲ್ಮೊನೆಲ್ಲವನ್ನು 25 ರೋಗಿಗಳ ರಕ್ತನಾಳಕ್ಕೆ ನೀಡಿ, 2002ರಲ್ಲಿ ವರದಿ ಪ್ರಕಟಿಸಿತು. ಮೂವರ ಗಡ್ಡೆಯಲ್ಲಿ ಮಾತ್ರ ಸೂಕ್ಷ್ಮಾಣು ಕಂಡುಬಂದಿತು. ಯಾರ ಗಡ್ಡೆಯೂ ಕುಗ್ಗಲಿಲ್ಲ. ಕಿಣ್ವದ ಜೀನನ್ನು ಹೊತ್ತ ಸೂಕ್ಷ್ಮಾಣುವನ್ನು ಮೂವರು ರೋಗಿಗಳ ಗಡ್ಡೆಗೆ ನೇರವಾಗಿ ಚುಚ್ಚಿದ ಪ್ರಯೋಗದ ವರದಿ 2003ರಲ್ಲಿ ಬಂದಿತು. ಇಬ್ಬರಲ್ಲಿ ಅದು ನೆಲೆಸಿ, ಔಷಧದ ಪರಿವರ್ತನೆಯೂ ನಡೆದಿತ್ತು. ಕೀಲಿಕೈಗಳು ಹೊಂದಿಕೊಂಡವೆಂಬುದು ಸಿದ್ಧವಾಯಿತು. ಆದರೆ ಮೂವರ ಪ್ರಯೋಗದಿಂದ ರೋಗ ವಾಸಿಯಾಗುವುದೆಂದು ಹೇಳಲಾಗದು.

ಪ್ರಯತ್ನ ಅಲ್ಲಿಗೆ ನಿಲ್ಲಲಿಲ್ಲ. ವಿಷದ ಜೀನನ್ನು ಕಳೆದ ಕ್ಲಾಸ್ಟ್ರಿಡಿಯಂ ಬೀಜಾಣುಗಳನ್ನು ಅರ್ಬುದವಿದ್ದ 16 ಸಾಕುನಾಯಿಗಳಿಗೆ ಚುಚ್ಚಿದಾಗ, ಮೂರರಲ್ಲಿ ಗಡ್ಡೆ ಪೂರ್ಣವಾಗಿ ಮಾಯವಾಗಿ, ಇನ್ನು ಮೂರರಲ್ಲಿ ಕುಗ್ಗಿತೆಂದು 2014ರಲ್ಲಿ ವರದಿಯಾಯಿತು. 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ತಮ್ಮ ಸಂಖ್ಯೆ ನಿಶ್ಚಿತ ಮಟ್ಟ ತಲುಪಿದೊಡನೆ ಒಟ್ಟಾಗಿ ಒಡೆದು ಮದ್ದನ್ನು ಸುರಿಯುವ ಸೂಕ್ಷ್ಮಾಣುಗಳನ್ನು ರೂಪಿಸಲಾಯಿತು. ಉಳಿದ ಕೆಲವು ಮತ್ತೆ ವೃದ್ಧಿಯಾಗಿ ಅದೇ ಕ್ರಮವನ್ನು ಅನುಸರಿಸುತ್ತವೆ. ಅದು ನಡೆದದ್ದು ಇಲಿಗಳಲ್ಲಿ. ನಮ್ಮ ದೇಶದಲ್ಲೂ ಗರ್ಭಕೊರಳಿನ ಅರ್ಬುದ ಮರುಕಳಿಸಿದ್ದ ನೂರಕ್ಕೂ ಹೆಚ್ಚು ಮಹಿಳೆಯರು, ರಕ್ಷಣಾವ್ಯವಸ್ಥೆಯನ್ನು ಎಚ್ಚರಿಸುವಂತೆ ಮಾರ್ಪಡಿಸಿದ ಲಿಸ್ಟೀರಿಯ ಸೂಕ್ಷ್ಮಾಣುವಿನ ಪ್ರಯೋಗದಲ್ಲಿ ಪಾಲ್ಗೊಂಡರು. ಅದರ ವರದಿ 2018ರಲ್ಲಿ ಪ್ರಕಟವಾಯಿತು. ಆದರೆ ಜೀನು ಮಾರ್ಪಡಿಸಿದ ಬ್ಯಾಕ್ಟೀರಿಯದ ಯಾವ ಅರ್ಬುದ ಚಿಕಿತ್ಸೆಯೂ ಇನ್ನೂ ಸಾಮಾನ್ಯ ಬಳಕೆಗೆ ಬಂದಿಲ್ಲ.

ಮನೆಯವರು ನೆನಪಿಡಬೇಕಾದುದು

ಪ್ರಯೋಗ ಬೇರೆ, ಚಿಕಿತ್ಸೆ ಬೇರೆ. ಇಂತಹ ಔಷಧ ತಮ್ಮಲ್ಲಿದೆಯೆಂದು ಯಾರಾದರೂ ಹೇಳಿದರೆ, ಅದು ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿಯಲ್ಲಿ ಇದೆಯೇ ಎಂದು ಮೊದಲು ವಿಚಾರಿಸಬೇಕು. ಲಿಖಿತ ಸಮ್ಮತಿ ಕೇಳದೆ ಹಣ ಮಾತ್ರ ಕೇಳುವವರಿಂದ ದೂರವಿರುವುದು ಲೇಸು. ಇನ್ನೊಂದು ಮಾತು: ಕೋಲಿಯವರ ಕಥೆಯನ್ನು ಓದಿ, ರಾಸಾಯನಿಕ ಚಿಕಿತ್ಸೆ ಪಡೆಯುತ್ತಿರುವ ರೋಗಿಗೆ ಜ್ವರ ಬಂದರೆ ಒಳ್ಳೆಯದೆಂದು ಯಾರೂ ಭಾವಿಸಬಾರದು. ಬಿಳಿ ರಕ್ತಕಣಗಳು ಇಳಿದಿರುವಾಗ ಸಾಮಾನ್ಯ ಸೋಂಕೂ ಪ್ರಾಣಾಂತಕ. ಜ್ವರ ಕಂಡೊಡನೆ, ಅದು ನಡುರಾತ್ರಿಯಾದರೂ ಸರಿ, ಆಸ್ಪತ್ರೆಗೆ ಧಾವಿಸಬೇಕು.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಹಿರಿಯರ ಮಾತನ್ನು ವಿಜ್ಞಾನಿಗಳು ತಮ್ಮ ರೀತಿಯಲ್ಲಿ ಪರೀಕ್ಷಿಸುತ್ತಿದ್ದಾರೆ. ಆ ಮುಳ್ಳು ಸಿದ್ಧವಾಗುವವರೆಗೆ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಈಗಿರುವ ಔಷಧಗಳನ್ನು ಮುಂದೂಡುವುದು ತರವಲ್ಲ. ಬೇಗ ಪತ್ತೆಯಾದ ಅನೇಕ ಅರ್ಬುದಗಳು ಇವುಗಳಿಂದಲೇ ವಾಸಿಯಾಗುತ್ತಿವೆ. ಊರಿನಿಂದ ಬಂದ ಬಂಧುಗಳು ರಾತ್ರಿ ಮೆಲ್ಲನೆ ಪ್ರಶ್ನಿಸಿದಾಗ, "ದಾರಿ ಕಂಡಿದೆ, ಊರು ಇನ್ನೂ ದೂರವಿದೆ, ನಾಳೆ ಬೆಳಿಗ್ಗೆ ಡಾಕ್ಟರು ಹೇಳಿದ ಹೊತ್ತಿಗೆ ಪರೇಲಿಗೆ ಹೋಗೋಣ" ಎಂದು ಉತ್ತರಿಸಿ ಜೊತೆಯಲ್ಲಿ ಹೊರಡುವುದು ಮನೆಯವರ ಕರ್ತವ್ಯ.