ದಾಸೋಹದ ಪಂಕ್ತಿಯಿಂದ ವಿಶ್ವಶಾಂತಿ

ವಿಶ್ವಶಾಂತಿಯೆಂದೊಡನೆ ನಮ್ಮ ಲಕ್ಷ್ಯವು ದೂರದ ರಾಷ್ಟ್ರಗಳ ಸಭೆಗಳತ್ತ ಹರಿಯುತ್ತದೆ. ಸಾವಳಗಿಯಂತಹ ಊರಿನಲ್ಲಿರುವ ನಾವು ಅದಕ್ಕಾಗಿ ಏನು ಮಾಡಬಲ್ಲೆವೆಂದು ಸುಮ್ಮನಾಗುತ್ತೇವೆ. ಆದರೆ ಶಾಂತಿಯ ಸಾಧನಗಳು ನಮ್ಮ ನಾಡಿನಲ್ಲಿಯೇ ಇವೆ.

ಮೊದಲನೆಯದು ಸಂವಾದ. 12ನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಅಕ್ಕಮಹಾದೇವಿ ಮೊದಲಾದ ಶರಣರು ಅನುಭವ ಮಂಟಪದಲ್ಲಿ ಸರಿಸಮಾನರಾಗಿ ಕುಳಿತು ಚಿಂತನೆ ನಡೆಸಿದರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದವರೆಂದು ಪರಂಪರೆ ಹೇಳುತ್ತದೆ. ಗದಗ ಜಿಲ್ಲೆಯ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಫಕೀರ, ಈಶ್ವರ ಎಂಬೆರಡು ನುಡಿಗಳು ಆ ಹೆಸರಿನಲ್ಲಿಯೇ ಒಂದಾಗಿವೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಸಹ ಊರವರೆಲ್ಲರ ಹಬ್ಬವಾಗಿ ಬಂದಿದೆ.

ಎರಡನೆಯದು ದಾಸೋಹ. ದಾನದಲ್ಲಿ ಕೊಡುವವನೆಂಬ ಹಮ್ಮು ಉಳಿಯಬಹುದು. ದಾಸೋಹದಲ್ಲಿ ಅದು ಅಳಿಯಬೇಕು. ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಮಹಾಸ್ವಾಮಿಗಳು (1907–2019) ಜಾತಿಮತಗಳನ್ನು ಕೇಳದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು.

2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಹೊರನಾಡಿನಲ್ಲಿ ಬಸವಣ್ಣನವರಿಗೆ ಸಂದ ಈ ಗೌರವದಿಂದ ನಾವು ಹಿಗ್ಗುವುದು ಸಹಜ. ಆದರೆ ಪಕ್ಕದ ಓಣಿಯವರೊಡನೆ ಮಾತು ಬಿಟ್ಟು, ಲಂಡನ್ನಿನ ಪ್ರತಿಮೆಗೆ ಕೈಮುಗಿದರೆ ಫಲವೇನು? ಒಂದು ಗಾಳಿಮಾತು ತಲೆಮಾರುಗಳ ನೆರೆಹೊರೆಯನ್ನು ಒಂದೇ ರಾತ್ರಿಯಲ್ಲಿ ಕೆಡಿಸಬಲ್ಲದು. ಅದನ್ನು ನಂಬುವ ಮೊದಲು ನೆರೆಯವರನ್ನೇ ಕೇಳೋಣ. ಮಕ್ಕಳೆದುರು ಅನ್ಯಮತವನ್ನು ಹಳಿಯದಿರೋಣ. ಮನೆಯ ಪ್ರಸಾದದ ಪಂಕ್ತಿಗೆ ಅವರನ್ನೂ ಕರೆಯೋಣ. ಆ ಪಂಕ್ತಿಯು ಬೆಳೆದಷ್ಟೂ ಶಾಂತಿಯು ಬೆಳೆಯುವುದು.